ಫೋಲ್ಡರ್ ಕಾಣದಾದಾಗ ಬ್ಯಾಕಪ್ ತೆರೆಯುವ ಮುನ್ನ

ನಮ್ಮ ಸಂಸ್ಥೆಯ ಲಿನಕ್ಸ್ ಯಂತ್ರಗಳೆಲ್ಲ ಒಂದೇ ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಫೈಲುಗಳನ್ನು ಹಂಚುವ ವ್ಯವಸ್ಥೆ) ಸರ್ವರ್‌ನಿಂದ ಫೈಲುಗಳನ್ನು ಪಡೆಯುತ್ತವೆ. ಅದನ್ನು ನೋಡಿಕೊಳ್ಳುವ ನನ್ನ ಬಳಿಗೆ ಪದೇ ಪದೇ ಬರುವ ದೂರೆಂದರೆ, ನಿನ್ನೆಯವರೆಗೂ ಇದ್ದ ಫೋಲ್ಡರ್ ಇಂದು ಇಲ್ಲ ಎಂಬುದು. ಕೂಡಲೇ ಬ್ಯಾಕಪ್‌ನಿಂದ ಮರಳಿ ತರಿಸಬೇಕೆಂಬ ಆತುರ ದೂರು ಕೊಟ್ಟವರಿಗೆ ಇರುವುದು ಸಹಜ. ಆದರೆ ನಾನು ಮೊದಲು ಕೇಳುವುದು, ಪಟ್ಟಿಯಲ್ಲಿ ಹೆಸರು ಮಾತ್ರ ಕಾಣುತ್ತಿಲ್ಲವೇ, ಇಲ್ಲವೇ ಪೂರ್ತಿ ಪಾಥ್ (ಫೋಲ್ಡರ್‌ನ ವಿಳಾಸ) ಟೈಪ್ ಮಾಡಿದರೂ ತೆರೆಯುತ್ತಿಲ್ಲವೇ ಎಂದು. ಪಟ್ಟಿ ಕೊಡುವುದು ಮತ್ತು ಹೆಸರು ಹಿಡಿದು ಹುಡುಕಿಕೊಡುವುದು ಸರ್ವರ್‌ನ ಪಾಲಿಗೆ ಎರಡು ಬೇರೆ ಬೇರೆ ಕೆಲಸಗಳು. ಡೈರೆಕ್ಟರಿಯ, ಅಂದರೆ ಫೋಲ್ಡರ್‌ನ, ಮೇಲೆ ರೀಡ್ (ಓದುವ) ಅನುಮತಿ ಇಲ್ಲದೆ ಎಕ್ಸಿಕ್ಯೂಟ್ (ಹಾದುಹೋಗುವ) ಅನುಮತಿ ಮಾತ್ರ ಇದ್ದರೆ ಪಟ್ಟಿ ಸಿಗುವುದಿಲ್ಲವಾದರೂ, ಹೆಸರು ಗೊತ್ತಿರುವವರು ಒಳಗಿನ ಫೋಲ್ಡರ್‌ಗೆ ನೇರವಾಗಿ ಹೋಗಬಹುದು. ಕೇಳಿದಾಗ ಮಾತ್ರ ಫೋಲ್ಡರನ್ನು ಜೋಡಿಸುವ ಆಟೋಎಫ್‌ಎಸ್ ಬಳಸುವಲ್ಲಿಯೂ, ಬ್ರೌಸ್ ಮೋಡ್ (ಹೆಸರುಗಳನ್ನು ಮೊದಲೇ ತೋರಿಸುವ ಆಯ್ಕೆ) ಇಲ್ಲದಿದ್ದರೆ, ಯಾರಾದರೂ ಹೆಸರಿಟ್ಟು ಕೇಳುವವರೆಗೆ ಫೋಲ್ಡರ್ ಪಟ್ಟಿಯಲ್ಲಿ ಮೂಡುವುದಿಲ್ಲ.

ಹೆಸರು ಕಾಣುತ್ತದೆ, ಒಳಗೆ ಮಾತ್ರ ಏನೂ ಇಲ್ಲ ಎಂಬ ದೂರು ಇದಕ್ಕಿಂತ ಹೆಚ್ಚು ಗಾಬರಿ ಹುಟ್ಟಿಸುತ್ತದೆ. ಜಾಗ ಸಾಲದೆ ಒಂದು ವಿಭಾಗದ ಡೇಟಾವನ್ನು ಹೊಸ ಡಿಸ್ಕ್‌ಗೆ ಸಾಗಿಸಿ, ಆ ಡಿಸ್ಕನ್ನು ಹಳೆಯ ಫೋಲ್ಡರ್‌ನ ಜಾಗದಲ್ಲೇ ಮೌಂಟ್ ಮಾಡಿದಾಗ (ಜೋಡಿಸಿದಾಗ) ನಮ್ಮಲ್ಲಿ ಹೀಗಾಯಿತು. ಸರ್ವರ್‌ನಲ್ಲಿ ಕುಳಿತು ನೋಡಿದರೆ ಎಲ್ಲವೂ ಇತ್ತು, ಕ್ಲೈಂಟ್‌ಗಳಲ್ಲಿ, ಅಂದರೆ ಬಳಕೆದಾರರ ಯಂತ್ರಗಳಲ್ಲಿ, ಮಾತ್ರ ಫೋಲ್ಡರ್ ಬರಿದಾಗಿತ್ತು. ಎಕ್ಸ್‌ಪೋರ್ಟ್ (ಸರ್ವರ್ ಹಂಚಿಕೊಳ್ಳುವ ಫೋಲ್ಡರ್) ತಾನಾಗಿ ಒಂದು ಫೈಲ್‌ಸಿಸ್ಟಮ್‌ನ (ಒಂದು ಡಿಸ್ಕಿನ ಫೈಲುಗಳ ವ್ಯವಸ್ಥೆಯ) ಗಡಿ ದಾಟಿ ಇನ್ನೊಂದಕ್ಕೆ ಹೋಗುವುದಿಲ್ಲವಾದ್ದರಿಂದ, ಹೊಸ ಡಿಸ್ಕಿನ ಅಡಿಯಲ್ಲಿ ಮರೆಯಾಗಿದ್ದ ಹಳೆಯ ಖಾಲಿ ಫೋಲ್ಡರ್ ಅವುಗಳಿಗೆ ಕಾಣುತ್ತಿತ್ತು. ಕ್ಲೈಂಟ್‌ನಲ್ಲಿ ಆ ಪಾಥ್‌ನ ಮೇಲೆ ಡಿಸ್ಕಿನ ಜಾಗದ ಲೆಕ್ಕ ಕೊಡುವ ಡಿಎಫ್ ಕಮಾಂಡ್ ಕೊಟ್ಟಾಗ ಹೊಸ ಡಿಸ್ಕಿನ ಬದಲು ಮೇಲಿನ ಫೈಲ್‌ಸಿಸ್ಟಮ್‌ನ ಗಾತ್ರವೇ ಬಂದದ್ದು ಇದಕ್ಕೆ ಸಾಕ್ಷಿಯಾಯಿತು. ಮೇಲಿನ ಎಕ್ಸ್‌ಪೋರ್ಟ್‌ಗೆ ಈ ಗಡಿ ದಾಟಲು ಬಿಡುವ ಕ್ರಾಸ್‌ಮೌಂಟ್ (crossmnt) ಆಯ್ಕೆ ಸೇರಿಸಿದ ಮೇಲೆ ಎಲ್ಲವೂ ಕಂಡಿತು. ಅಂದು ಯಾರಾದರೂ ಬ್ಯಾಕಪ್ ತಂದು ಆ ಖಾಲಿ ಫೋಲ್ಡರ್‌ಗೆ ಸುರಿದಿದ್ದರೆ, ಒಂದೇ ಪಾಥ್‌ನ ಹಿಂದೆ ಎರಡು ಪ್ರತಿಗಳು ಬೆಳೆಯುತ್ತಿದ್ದವು. ಅವನ್ನು ಆಮೇಲೆ ಒಂದುಗೂಡಿಸುವುದು ಬಹಳ ಕಷ್ಟ.

ಈಗಷ್ಟೇ ಬೇರೆ ಯಂತ್ರದಲ್ಲಿ ಮಾಡಿದ ಫೋಲ್ಡರ್ ಕಾಣದಿದ್ದರೆ ಒಂದು ನಿಮಿಷ ಕಾಯುವುದು ಒಳ್ಳೆಯದು. ಲಿನಕ್ಸ್ ಕ್ಲೈಂಟ್ ಡೈರೆಕ್ಟರಿಯ ವಿವರಗಳನ್ನು ಸಾಮಾನ್ಯವಾಗಿ 30ರಿಂದ 60 ಸೆಕೆಂಡುಗಳವರೆಗೆ ಕ್ಯಾಶ್‌ನಲ್ಲಿ (ತಾತ್ಕಾಲಿಕ ನೆನಪಿನಲ್ಲಿ) ಇಟ್ಟುಕೊಳ್ಳುತ್ತದೆ. ಇದಕ್ಕಾಗಿ ಕ್ಯಾಶನ್ನೇ ನಿಲ್ಲಿಸುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಆಗ ಎಲ್ಲರ ಕೆಲಸವೂ ನಿಧಾನವಾಗುತ್ತದೆ.

ಪರೀಕ್ಷೆಯನ್ನು ರೂಟ್ (ಯಂತ್ರದ ಸರ್ವಾಧಿಕಾರದ ಖಾತೆ) ಆಗಿ ಮಾಡಬಾರದು. ರೂಟ್ ಸ್ಕ್ವಾಶ್ ಎಂಬ ಆಯ್ಕೆ ಇರುವ ಕಡೆ ಕ್ಲೈಂಟ್‌ನ ರೂಟ್‌ಗೆ ಸರ್ವರ್‌ನಲ್ಲಿ ಯಾವ ವಿಶೇಷ ಅಧಿಕಾರವೂ ಇರುವುದಿಲ್ಲ. ಫೋಲ್ಡರ್‌ನ ಒಡೆಯನಿಗೆ ಕಾಣುವುದೂ ಅದಕ್ಕೆ ಕಾಣದೆ ಹೋಗಬಹುದು. ದೂರು ಕೊಟ್ಟವರ ಖಾತೆಯಿಂದಲೇ ನೋಡಿದರೆ ಇನ್ನೊಂದು ಸಮಸ್ಯೆಯೂ ಬಯಲಾಗುತ್ತದೆ. ಎನ್‌ಎಫ್‌ಎಸ್‌ನ ಸಾಮಾನ್ಯ ಗುರುತು ಪದ್ಧತಿಯಲ್ಲಿ, ಅಂದರೆ ಆಥ್ ಸಿಸ್‌ನಲ್ಲಿ, ಒಬ್ಬರ ಹೆಚ್ಚುವರಿ ಗ್ರೂಪ್‌ಗಳ (ಅನುಮತಿ ಕೊಡಲು ಬಳಸುವ ಬಳಕೆದಾರರ ಗುಂಪುಗಳ) ಪೈಕಿ 16 ಮಾತ್ರ ಸರ್ವರ್‌ಗೆ ತಲುಪುತ್ತವೆ. ಅನೇಕ ಪ್ರಾಜೆಕ್ಟ್‌ಗಳಲ್ಲಿರುವ ಹಿರಿಯರಿಗೆ, ಖಾತೆಯ ಗ್ರೂಪ್‌ಗಳನ್ನು ಪಟ್ಟಿ ಮಾಡುವ ಐಡಿ ಕಮಾಂಡ್ ಆ ಗ್ರೂಪನ್ನು ತೋರಿಸುತ್ತಿದ್ದರೂ, ಪ್ರವೇಶ ಸಿಗದಿರುವುದು ಇದರಿಂದಲೇ. ಸರ್ವರ್‌ನಲ್ಲಿ ಮೌಂಟ್ ಕೋರಿಕೆಗಳನ್ನು ನಿಭಾಯಿಸುವ ಮೌಂಟ್‌ಡಿಗೆ ಮ್ಯಾನೇಜ್ ಜಿಐಡಿಸ್ ಆಯ್ಕೆ ಕೊಟ್ಟರೆ, ಗ್ರೂಪ್‌ಗಳನ್ನು ಸರ್ವರ್ ತಾನೇ ಹುಡುಕಿಕೊಳ್ಳುತ್ತದೆ. ಆದರೆ ಬಳಕೆದಾರರ ಮತ್ತು ಗ್ರೂಪ್‌ಗಳ ಸರಿಯಾದ ಪಟ್ಟಿ ಸರ್ವರ್‌ನಲ್ಲಿಯೂ ಇರಬೇಕು.