ಮದ್ದು ಬಂದಾಗ ಮಾತ್ರ ಏಳುವ ಜೀನ್

ಕಲಬುರಗಿಯಲ್ಲಿ ನಮ್ಮ ಕಾಕಾ ಮೊನ್ನೆ ಕೇಳಿದರು, "ಗುಳಿಗಿ ಒಳಗ ಬಂದದ್ದು ಆ ಬ್ಯಾಕ್ಟೀರಿಯಾಕ್ಕ ಹ್ಯಾಂಗ ಗೊತ್ತಾಗ್ತದ?" ಒಳ್ಳೆಯ ಪ್ರಶ್ನೆ ಅಲ್ವಾ!

ಟೆಟ್ರಾಸೈಕ್ಲಿನ್ ಎಂಬ ಆಂಟಿಬಯಾಟಿಕ್ ಮದ್ದನ್ನೇ ಉದಾಹರಣೆಗೆ ನೋಡಿ. ಇದು ಬ್ಯಾಕ್ಟೀರಿಯಾದೊಳಗೆ ಪ್ರೊಟೀನ್ ತಯಾರಿಸುವ ರೈಬೋಸೋಮಿಗೆ ಅಂಟಿಕೊಂಡು ಆ ತಯಾರಿಯನ್ನೇ ನಿಲ್ಲಿಸುತ್ತದೆ. ಕೆಲವು ಬ್ಯಾಕ್ಟೀರಿಯಾಗಳು ಇದನ್ನು ಹೊರಗೆ ತಳ್ಳಲು ಟೆಟ್‌ಎ ಎಂಬ ಪಂಪ್ ಮಾಡಿಕೊಳ್ಳುತ್ತವೆ. ಆದರೆ ಅದನ್ನು ಸುಮ್ನೆ ಮಾಡುತ್ತಾ ಕೂರುವ ಹಾಗಿಲ್ಲ, ಜಾಸ್ತಿಯಾದರೆ ಕೋಶಕ್ಕೇ ಪೆಟ್ಟು. ಅದಕ್ಕೇ ಟೆಟ್‌ಆರ್ ಎಂಬ ಪ್ರೊಟೀನ್ ಡಿಎನ್‌ಎ ಮೇಲೆ ಕೂತು ಪಂಪಿನ ಜೀನನ್ನು ತಡೆದಿರುತ್ತದೆ. ಮದ್ದು ಮೆಗ್ನೀಸಿಯಂ ಜೊತೆ ಸೇರಿ ಟೆಟ್‌ಆರ್‌ಗೆ ಅಂಟಿದರೆ ಸಾಕು, ಅದರ ಆಕಾರ ಬದಲಾಗಿ ಡಿಎನ್‌ಎಯನ್ನು ಬಿಟ್ಟುಬಿಡುತ್ತದೆ, ಪಂಪ್ ತಯಾರಾಗತೊಡಗುತ್ತದೆ.

ನನಗೆ ತುಂಬಾ ಹಿಡಿಸಿದ್ದು ಮುಂದಿನದು. ಮದ್ದು ರೈಬೋಸೋಮಿಗಿಂತ ಟೆಟ್‌ಆರ್‌ಗೇ ಬಹಳ ಗಟ್ಟಿಯಾಗಿ ಅಂಟುತ್ತದೆ. ಹಾಗಾಗಿ ಪ್ರೊಟೀನ್ ತಯಾರಿ ನಿಲ್ಲುವಷ್ಟು ಮದ್ದು ಒಳಗೆ ಸೇರುವ ಮೊದಲೇ ಪಂಪ್ ಶುರುವಾಗಿರುತ್ತದೆ! ಮದ್ದು ಖಾಲಿಯಾದರೆ ಟೆಟ್‌ಆರ್ ಮತ್ತೆ ತಡೆ ಹಾಕುತ್ತದೆ.

ಚಿಂತೆ ಬೇರೆಯೇ ಇದೆ. ಪಂಪಿನ ಜೀನ್, ಟೆಟ್‌ಆರ್‌ನ ಜೀನ್ ಎರಡೂ ಅಕ್ಕಪಕ್ಕದಲ್ಲೇ ಇರುತ್ತವೆ, ಎಷ್ಟೋ ಸಲ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದ ಮೇಲೆ. ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ ಪ್ಲಾಸ್ಮಿಡ್ ದಾಟಿಸಿದಾಗ ಪಂಪೂ ಹೋಗುತ್ತದೆ, ಅದರ ಕಾವಲೂ ಹೋಗುತ್ತದೆ.