ಮಾಗಡಿ ಕೆರೆಗೆ ಹೋಗುವವರು ಕತ್ತಲಲ್ಲೇ ಏರಿ ಹತ್ತಿ

ಮಾಗಡಿ ಎಂದರೆ ಬೆಂಗಳೂರಿನವರು ಕೆಂಪೇಗೌಡರ ಮಾಗಡಿ ಅಂದುಕೊಳ್ಳುತ್ತಾರೆ. ನಾನು ಹಕ್ಕಿ ಫೋಟೊ ತೆಗೆಯಲು ಹೋಗಿದ್ದು ಗದಗ ಜಿಲ್ಲೆ, ಶಿರಹಟ್ಟಿ ತಾಲ್ಲೂಕಿನ ಮಾಗಡಿ. ಗದಗದಿಂದ ಲಕ್ಷ್ಮೇಶ್ವರದ ಕಡೆಗೆ ಸುಮಾರು 26 ಕಿ.ಮೀ. 2024ರಲ್ಲಿ ಈ ಕೆರೆ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಚಳಿಗಾಲದಲ್ಲಿ ಇಲ್ಲಿಗೆ ಬರುವ ಮುಖ್ಯ ಅತಿಥಿ ಪಟ್ಟೆತಲೆ ಹೆಬ್ಬಾತು. ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಹಿಮಾಲಯ ದಾಟುವಾಗ 7,000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿರುವ ಹಕ್ಕಿ ಇದು.

ಮೊದಲ ದಿನ ನಾನು ದಡ್ಡತನ ಮಾಡಿದೆ. ಗದಗದಲ್ಲಿ ನಿಧಾನಕ್ಕೆ ತಿಂಡಿ ಮುಗಿಸಿ ಕೆರೆ ಮುಟ್ಟಿದಾಗ ಗಂಟೆ ಹನ್ನೊಂದು. ಹಕ್ಕಿಗಳೇನೋ ನೂರಾರಿದ್ದವು, ಆದರೆ ನಡುನೀರಿನಲ್ಲಿ, ಕುತ್ತಿಗೆ ಮಡಚಿ ನಿದ್ದೆ. 400 ಎಂಎಂ ಲೆನ್ಸಿನಲ್ಲಿ ಸಾಲು ಚುಕ್ಕಿ. ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ ಎಲ್ಲವೂ ಕುದಿಯುವ ನೀರಿನ ಹಿಂದೆ ಕೂತ ಹಾಗೆ. ಲೆನ್ಸ್ ಕೆಟ್ಟಿತೆಂದು ಗಾಬರಿಯಾದೆ. ಲೆನ್ಸಿನ ತಪ್ಪಲ್ಲ, ಬಿಸಿಲಿಗೆ ಕಾದ ನೆಲದಿಂದ ಏಳುವ ಬಿಸಿಗಾಳಿಯ ಆಟ ಅದು. ಜನವರಿಯಲ್ಲೂ ಎರೆ ಮಣ್ಣು ಬೇಗ ಕಾಯುತ್ತದೆ. ದೂರದ ಹಕ್ಕಿಯ ಕಣ್ಣು, ಗರಿ ಸ್ಪಷ್ಟ ಬರಬೇಕೆಂದರೆ ಒಂಬತ್ತೂವರೆಯೊಳಗೆ ಕೆಲಸ ಮುಗಿಸಿ. ಆಮೇಲೆ ಎಷ್ಟು ದುಬಾರಿ ಲೆನ್ಸೂ ಅಷ್ಟಕ್ಕಷ್ಟೆ.

ಮುಂದಿನ ವಾರ ಮತ್ತೆ ಹೋದೆ, ಈ ಸಲ ಐದೂವರೆಗೇ ಏರಿಯ ಮೇಲೆ. ಹೆಬ್ಬಾತಿನ ದಿನಚರಿ ತಿಳಿದರೆ ಅರ್ಧ ಕೆಲಸ ಆದ ಹಾಗೆ. ಅವು ಹೊತ್ತು ಮುಳುಗುವಾಗ ಹೊಲಗಳಿಗೆ ಮೇಯಲು ಹೋಗುತ್ತವೆ, ಬೆಳಿಗ್ಗೆ ಕೆರೆಗೆ ಮರಳುತ್ತವೆ. ಹಾಗಾಗಿ ಹಕ್ಕಿಯ ಬೆನ್ನು ಹತ್ತಬೇಡಿ. ಸೂರ್ಯ ಬೆನ್ನಿಗೆ ಬರುವ ಜಾಗ ಹಿಡಿದು ಕೂತುಬಿಡಿ, ಅವೇ ತಲೆಯ ಮೇಲಿಂದ ಬರುತ್ತವೆ. ಕಾಣುವ ಮುಂಚೆ ಕೇಳಿಸುತ್ತವೆ: ಮೂಗಿನಲ್ಲಿ ಮಾತಾಡಿದಂಥ ‘ಆಂಗ್ ಆಂಗ್’. ಶಟರ್ ವೇಗ ಸೆಕೆಂಡಿನ 1/2000 ಇಟ್ಟುಕೊಳ್ಳಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಏರಿದರೆ ಏರಲಿ. ಬಿಳಿ ಆಕಾಶಕ್ಕೆ ಎದುರಾಗಿ ಹಾರುವಾಗ ಎಕ್ಸ್‌ಪೋಶರ್ ಒಂದು ಸ್ಟಾಪ್ (ಅಂದರೆ ಎರಡರಷ್ಟು ಬೆಳಕು) ಹೆಚ್ಚಿಸಿ. ಕಪ್ಪು ಹೊಲದಲ್ಲಿ ಇಳಿದಿದ್ದರೆ ಉಲ್ಟಾ, ಸ್ವಲ್ಪ ಇಳಿಸಿ. ಇಲ್ಲವಾದರೆ ಫೋಟೊದಲ್ಲಿ ಬಿಳಿ ತಲೆ ವಿವರವೇ ಕಾಣದಂತೆ ಸುಟ್ಟುಹೋಗುತ್ತದೆ.

ಹೊಲದ ವಿಷಯ ಸ್ವಲ್ಪ ಹೇಳಲೇಬೇಕು. ಒಳ್ಳೆ ಕೋನ ಸಿಕ್ಕಿತೆಂದು ನಾನು ಕಡಲೆ ಹೊಲಕ್ಕೆ ಕಾಲಿಟ್ಟೆ. ಬದುವಿನ ಮೇಲಿದ್ದ ಹಿರಿಯರೊಬ್ಬರು ಕೂಗಿದರು: “ತಮ್ಮಾ, ಹಕ್ಕಿ ತಿಂದಿದ್ದು ಸಾಲ್ದಂತ ನೀನೂ ತುಳಿಯಾಕ ಬಂದಿ ಏನು?” ನ್ಯಾಯವಾದ ಮಾತು. ಹೆಬ್ಬಾತು ಮೇಯುವುದು ಇವರ ಬೆಳೆಯನ್ನೇ. ಕ್ಷಮೆ ಕೇಳಿ ಬದುವಿಗೆ ಬಂದು ಕೂತೆ. ಅಷ್ಟರಲ್ಲಿ ಪ್ಯಾಂಟು ಮೊಣಕಾಲತನಕ ಒದ್ದೆ, ಚರ್ಮ ಚುರುಚುರು. ಕಡಲೆ ಗಿಡದ ಇಬ್ಬನಿಯಲ್ಲಿ ಹುಳಿ ಇರುತ್ತದೆ. ರಾತ್ರಿ ಬಟ್ಟೆ ಹಾಸಿ ಆ ಹುಳಿಯನ್ನು ಹಿಂಡಿಕೊಳ್ಳುತ್ತಿದ್ದ ಕಾಲದ ಕಥೆಯನ್ನು ಅವರೇ ಹೇಳಿದರು, ಸುಲಗಾಯಿ (ಹಸಿ ಕಡಲೆಕಾಯಿ) ಸುಲಿದು ಕೈಗಿಡುತ್ತಾ. ಹೆಬ್ಬಾತು ಹಿಂದಿನ ಸಂಜೆ ಯಾವ ದಿಕ್ಕಿಗೆ ಹೋದವು ಎಂಬುದೂ ಅವರಿಂದಲೇ ಗೊತ್ತಾಯಿತು. ಆ ಮಾಹಿತಿ ಯಾವ ಆಪ್‌ನಲ್ಲೂ ಇರಲಿಲ್ಲ.

ಹೆಬ್ಬಾತಿನ ಜೊತೆ ಕಂದು ಬಣ್ಣದ ಚಕ್ರವಾಕ, ಸಲಿಕೆ ಕೊಕ್ಕಿನ ಶೋವೆಲರ್ ಬಾತು, ಅಂಚಿನಲ್ಲಿ ಮೆಟ್ಟುಗಾಲು ಹಕ್ಕಿ ಸಿಕ್ಕವು. ದಾರಿಯ ಜೋಳದ ಹೊಲಗಳಲ್ಲಿ ಗುಲಾಬಿ ಮೈನಾಗಳ ಹಿಂಡು. ಗಾಡಿ ನಿಲ್ಲಿಸಿದರೂ ಕೆಳಗಿಳಿಯಬೇಡಿ, ಕಿಟಕಿಯಿಂದಲೇ ತೆಗೆಯಿರಿ.

ಡಿಸೆಂಬರ್ ಕೊನೆಯಿಂದ ಫೆಬ್ರುವರಿ ಮಧ್ಯದವರೆಗೆ ಒಳ್ಳೆಯ ಸಮಯ. ಹೊರಡುವ ಮುನ್ನ ಕೆರೆಯಲ್ಲಿ ನೀರೆಷ್ಟಿದೆ ಎಂದು ವಿಚಾರಿಸಿ. ಗದಗದಲ್ಲಿ ಉಳಿದು, ಬೆಳಗಿನ ಜಾವದ ಗಾಡಿಯನ್ನು ಹಿಂದಿನ ರಾತ್ರಿಯೇ ಗೊತ್ತು ಮಾಡಿಕೊಳ್ಳಿ, ಆ ಹೊತ್ತಿಗೆ ಬಸ್ಸು ನಂಬಬೇಡಿ. ಸ್ವೆಟರ್, ನೀರು, ತಿನ್ನಲು ಏನಾದರೂ ಇರಲಿ. ಡ್ರೋನ್ ಮನೆಯಲ್ಲೇ ಬಿಡಿ. ಸಾಧ್ಯವಾದರೆ ಒಂದು ಸಂಜೆಯೂ ನಿಲ್ಲಿ. ಹೆಬ್ಬಾತು ಹೊಲಕ್ಕೆ ಹಾರಿ ಏಳುವ ಹೊತ್ತಿಗೆ ಫೋಟೊಗೆ ಬೆಳಕಿರುವುದಿಲ್ಲ. ನಾನು ಕ್ಯಾಮೆರಾ ಚೀಲಕ್ಕೆ ಹಾಕಿ, ಅವುಗಳ ದನಿ ಕಪ್ಪತಗುಡ್ಡದ ಕಡೆ ಕರಗುವತನಕ ಕೂತಿದ್ದೆ.