ಅಡಿಕೆ ಅಂಗಳದ ಕಾಂಕ್ರೀಟಿಗೆ ತೆಂಗಿನ ನಾರು

ಬದಿಯಡ್ಕ, ನೀರ್ಚಾಲು, ಪೆರ್ಲ ಕಡೆಯವರು ಅಡಿಕೆ ಅಂಗಳಕ್ಕೆ ಕಾಂಕ್ರೀಟು ಹಾಕಿಸುವುದು ಮಳೆ ಬಿಟ್ಟ ಮೇಲೆ, ಕೊಯ್ಲು ಸುರುವಾಗುವ ಮೊದಲು. ಆಗ ಬಿಸಿಲು ಚುರುಕು. ಬೆಳಿಗ್ಗೆ ಹಾಸಿದ ಕಾಂಕ್ರೀಟಿನ ಮೇಲೆ ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಸಣ್ಣ ಬಿರುಕು ಬಿದ್ದಿರುತ್ತದೆ. ಮೇಸ್ತ್ರಿ ಸಿಮೆಂಟ್ ಹಾಲು ಬಳಿದು ಮುಚ್ಚುತ್ತಾನೆ, ಮನೆಯವರಿಗೂ ಸಮಾಧಾನ. ಒಂದು ಮಳೆಗಾಲ ಕಳೆದರೆ ಅದರೊಳಗೆ ಪಾಚಿ, ಇನ್ನೊಂದು ಕಳೆದರೆ ಗರಿಕೆ.

ನಾನು ಸ್ಲ್ಯಾಬು, ಬಾವಿ ರಿಂಗು, ಬೇಲಿ ಕಂಬ ಎರಕ ಹೊಯ್ಯುವವ. ಅಂಗಳದ ಕೆಲಸವನ್ನೂ ಹಿಡಿಯುತ್ತೇನೆ. ಈ ಬಿರುಕಿಗೆ ಕಾರಣ ಸಿಮೆಂಟ್ ಕಡಿಮೆಯಾದದ್ದೆಂದೇ ಹೆಚ್ಚಿನವರ ನಂಬಿಕೆ. ಹಾಗಲ್ಲ. ಅಡಿಯಿಂದ ನೀರು ಮೇಲೇರುವುದಕ್ಕಿಂತ ಬೇಗ ಮೇಲ್ಮೈಯ ನೀರು ಆರಿದರೆ, ಇನ್ನೂ ಗಟ್ಟಿಯಾಗದ ಕಾಂಕ್ರೀಟು ಕುಗ್ಗಿ ಸೀಳುತ್ತದೆ. ಆ ಮೊದಲ ಕೆಲವು ಗಂಟೆ ಅದನ್ನು ಹಿಡಿದಿಡಲು ಒಳಗೆ ಏನಾದರೂ ಬೇಕು. ಅದಕ್ಕೆಂದೇ ಅಂಗಡಿಯಲ್ಲಿ ಪಾಲಿಪ್ರೊಪಿಲೀನ್ ನಾರಿನ ಪೊಟ್ಟಣ ಸಿಗುತ್ತದೆ. ಕೆಟ್ಟ ಮಾಲೇನಲ್ಲ. ಆದರೆ ತೆಂಗಿನ ಸಂಶೋಧನೆಗೆಂದು 1916ರಲ್ಲೇ ಕೇಂದ್ರ ಶುರುವಾದ ಕಾಸರಗೋಡಿನಲ್ಲಿ, ಸಿಪ್ಪೆಯನ್ನೆಲ್ಲ ಬಚ್ಚಲೊಲೆಗೆ ತುಂಬಿ, ಪ್ಲಾಸ್ಟಿಕ್ ನಾರು ಕೊಂಡು ತರುವುದೆಂದರೆ ನನಗೇಕೋ ಸರಿ ಕಾಣಲಿಲ್ಲ. ಹಾಗಾಗಿ ತೆಂಗಿನ ನಾರನ್ನೇ ಹಾಕುತ್ತೇನೆ.

"ಇದೆಂತ ಮಾರಾಯ, ಕಾಂಕ್ರೀಟಿನೊಳಗೆ ನಾರು ಕುಂಬಾಗುದಿಲ್ವಾ?" ಅಂತ ನೆರೆಮನೆಯ ಮಾವ ಕೇಳಿದರು. ಸರಿಯಾದ ಪ್ರಶ್ನೆಯೇ. ಕುಂಬಾಗುತ್ತದೆ, ಅಂದರೆ ಶಿಥಿಲವಾಗುತ್ತದೆ, ಆದರೆ ನೀರಿನಿಂದಲ್ಲ. ಸಿಮೆಂಟು ನೀರು ಕುಡಿದು ಗಟ್ಟಿಯಾಗುವಾಗ ಸುಣ್ಣ ಬಿಡುತ್ತದೆ. ಒಳಗಿನ ಕ್ಷಾರ ಪಿಎಚ್ 12.5 ದಾಟುತ್ತದೆ. ಆ ಕ್ಷಾರವೇ ನಾರನ್ನು ಮೆಲ್ಲಗೆ ತಿನ್ನುವುದು, ನಾರಿನ ಸಂದುಗಳಲ್ಲಿ ಸುಣ್ಣ ಕೂತು ಅದು ಮುರುಕಲಾಗುವುದು. ಹಾರುಬೂದಿಯ ಕೆಲಸ ಬರುವುದು ಇಲ್ಲೇ. ಕಲ್ಲಿದ್ದಲು ಉರಿಸುವ ವಿದ್ಯುತ್ ಸ್ಥಾವರಗಳ ಈ ಬೂದಿಯಲ್ಲಿರುವ ಸಿಲಿಕಾ ಆ ಸುಣ್ಣದ ಜತೆ ಸೇರಿ ಅದನ್ನೇ ಗಟ್ಟಿ ಅಂಟಾಗಿಸುತ್ತದೆ. ಸುಣ್ಣ ಕಡಿಮೆಯಾದಷ್ಟೂ ನಾರಿನ ಆಯುಸ್ಸು ಹೆಚ್ಚು. ಬೂದಿ ಇಲ್ಲದ ಸಿಮೆಂಟಿಗೆ ನಾರು ಹಾಕುವುದು ದಂಡ ಅಂತ ನಾನು ಹೇಳುವುದು ಅದಕ್ಕೇ.

ಬೂದಿಗಾಗಿ ಎಲ್ಲೂ ಅಲೆಯಬೇಕಾಗಿಲ್ಲ. ಪಿಪಿಸಿ (ಪೋರ್ಟ್‌ಲ್ಯಾಂಡ್ ಪೊಝೊಲಾನಾ ಸಿಮೆಂಟ್) ಅಂತ ಚೀಲದ ಮೇಲೆ ಬರೆದಿರುವ ಸಿಮೆಂಟಿನಲ್ಲಿ ಹಾರುಬೂದಿ 15ರಿಂದ 35 ಶೇಕಡಾ ಇದ್ದೇ ಇರುತ್ತದೆ. ಪರಿಸರಸ್ನೇಹಿ ಎಂಬ ಹುರುಪಿನಲ್ಲಿ ಅದರ ಮೇಲೆ ಮತ್ತೆ ಬೂದಿ ಸುರಿಯುವವರಿದ್ದಾರೆ. ದಯವಿಟ್ಟು ಬೇಡ. ಲೆಕ್ಕ ತಪ್ಪಿದರೆ ಗಟ್ಟಿಯಾಗುವುದು ತಡವಾಗುತ್ತದೆ. ಕಡಲ ಬದಿಯ ಕುಂಬಳೆ, ಮಂಜೇಶ್ವರದವರಿಗಾದರೆ ನಾನು ಸ್ಲ್ಯಾಗ್ ಸಿಮೆಂಟ್ ಹೇಳುತ್ತೇನೆ. ಉಕ್ಕಿನ ಕಾರ್ಖಾನೆಯ ಕುಲುಮೆಯ ಕಿಟ್ಟ ಅರೆದು ಸೇರಿಸಿದ್ದು. ಉಪ್ಪು ಒಳಗಿಳಿದು ಕಬ್ಬಿಣ ಮುಟ್ಟುವುದು ನಿಧಾನವಾಗುತ್ತದೆ.

ಲಾಭ ಅಂಗಳಕ್ಕೆ ಮಾತ್ರವಲ್ಲ. ಸುಣ್ಣಕಲ್ಲನ್ನು 1450 ಡಿಗ್ರಿಯವರೆಗೆ ಸುಟ್ಟು ಒಂದು ಟನ್ ಕ್ಲಿಂಕರ್ (ಅರೆದು ಸಿಮೆಂಟ್ ಮಾಡುವ ಗಟ್ಟಿ ಉಂಡೆ) ಮಾಡಿದರೆ 0.8 ಟನ್ನಿಗೂ ಮೇಲೆ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅರ್ಧಕ್ಕಿಂತ ಹೆಚ್ಚು ಬರುವುದು ಬೆಂಕಿಯಿಂದಲ್ಲ, ಆ ಕಲ್ಲಿನೊಳಗಿನಿಂದಲೇ. ಸೋಲಾರ್ ಹಾಕಿ ಇದನ್ನು ತಪ್ಪಿಸಲಿಕ್ಕಾಗುವುದಿಲ್ಲ, ಬೂದಿ, ಕಿಟ್ಟ ಸೇರಿಸಿ ಕ್ಲಿಂಕರ್ ಕಡಿಮೆ ಮಾಡಬೇಕಷ್ಟೆ.

ಇನ್ನು ನಾರಿನ ವಿಷಯ. ಹಗ್ಗಕ್ಕೆ ಬಾರದ ತುಂಡು ನಾರನ್ನು ಮಿಲ್ಲಿನಿಂದ ತಂದು, ಹುಡಿ ಕೊಡವಿ, ಮೆಟ್ಟುಕತ್ತಿಯಲ್ಲಿ ಒಂದೂವರೆ, ಎರಡು ಇಂಚಿಗೆ ಕೊಚ್ಚುತ್ತೇವೆ. ಉದ್ದವಿದ್ದರೆ ಮಿಕ್ಸರಿನೊಳಗೆ ಉಂಡೆ ಕಟ್ಟುತ್ತದೆ. ಆಮೇಲೆ ನೀರಲ್ಲಿ ನೆನೆಹಾಕುವುದು. ಮೊದಲ ನೀರು ಹಾಲು ಹಾಕದ ಚಾದ ಹಾಗೆ ಕಾಣುತ್ತದೆ. ಅದನ್ನು ಚೆಲ್ಲಿ, ನೀರು ತಿಳಿಯಾಗುವವರೆಗೆ ತೊಳೆಯಬೇಕು. ಆ ಒಗರು, ಸಕ್ಕರೆಯ ಅಂಶ ಉಳಿದರೆ ಸಿಮೆಂಟು ಹಿಡಿಯುವುದು ತಡವಾಗುತ್ತದೆ. ಒಣ ನಾರು ಹಾಕಿದರೆ ಅದು ತನ್ನ ತೂಕಕ್ಕಿಂತ ಹೆಚ್ಚು ನೀರು ಹೀರಿ ಕಾಂಕ್ರೀಟು ಬಿಗಿಯಾಗುತ್ತದೆ, ಕೆಲಸದವರು ಸಿಟ್ಟಿನಲ್ಲಿ ಮತ್ತೊಂದು ಬಕೆಟ್ ನೀರು ಹೊಯ್ಯುತ್ತಾರೆ, ಅಲ್ಲಿಗೆ ಬಲ ಹೋಯಿತು. ಆದ್ದರಿಂದ ಒದ್ದೆ ನಾರನ್ನೇ ಚೆನ್ನಾಗಿ ಹಿಂಡಿ, ಜಲ್ಲಿ, ಹೊಯಿಗೆ, ಸಿಮೆಂಟು ಬೆರೆತ ಮೇಲೆ, ತಿರುಗುತ್ತಿರುವ ಮಿಕ್ಸರಿಗೆ ಬೆರಳಲ್ಲಿ ಬಿಡಿಸಿ ಬಿಡಿಸಿ ಉದುರಿಸಬೇಕು. ಒಂದು ಚೀಲ ಸಿಮೆಂಟಿಗೆ ಒಣ ತೂಕದಲ್ಲಿ ಕಾಲು ಕಿಲೋ ಸಾಕು. ಹೆಚ್ಚು ಹಾಕಿದರೆ ಮಟ್ಟಗೋಲಿಗೆ ಸಿಕ್ಕಿಕೊಂಡು ಮೇಲ್ಮೈ ನಯವಾಗುವುದಿಲ್ಲ. ಅಡಿಕೆ ಒಣಗಿಸುವ ಅಂಗಳ ದೊರಗಾದರೆ ಗುಡಿಸುವವರ ಬೈಗುಳ ಕೇಳಬೇಕು.

ಅಡಿಕೆ ಸಿಪ್ಪೆಯ ನಾರು ಆಗದೇ ಅಂತ ಎಲ್ಲರೂ ಕೇಳುತ್ತಾರೆ, ಸುಲಿಯುವ ಯಂತ್ರದ ಹಿಂದೆ ಗುಡ್ಡೆಗಟ್ಟಲೆ ಇರುತ್ತದಲ್ಲ. ನಾರು ಸಪೂರ, ನೋಡಲಿಕ್ಕೆ ಚಂದ. ಆದರೆ ನಾರಿಗೆ ಗಟ್ಟಿತನ ಕೊಡುವ ಲಿಗ್ನಿನ್ ತೆಂಗಿನ ನಾರಿನಲ್ಲಿರುವಷ್ಟು ಅದರಲ್ಲಿಲ್ಲ, ಕ್ಷಾರಕ್ಕೆ ಬೇಗ ಕರಗುವ ಭಾಗವೇ ಜಾಸ್ತಿ. ಅದು ತೋಟದ ಬುಡಕ್ಕೇ ಹೋಗಲಿ.

ನಾರು ಹಾಕಿದ ಅಂಗಳಕ್ಕೂ ನೀರು ಹನಿಸುವುದು ತಪ್ಪದು. ಬೂದಿ ಸಿಮೆಂಟು ನಿಧಾನದ್ದು, 14 ದಿನ ಒದ್ದೆ ಗೋಣಿ ಹೊದೆಸಿಡಬೇಕು. ಪಂಪು ಹೇಗೂ ತೋಟಕ್ಕೆ ಓಡುತ್ತಿರುತ್ತದೆ, ಒಂದು ಪೈಪು ಈಚೆ ತಿರುಗಿಸಿದರಾಯಿತು. ಅಂಗಳ ದೊಡ್ಡದಿದ್ದರೆ ನಡುವೆ ಗೀರು ಕೊಯ್ದು ಜಾಯಿಂಟು ಬಿಡಲೇಬೇಕು, ನಾರಿದೆಯೆಂದು ಅದನ್ನು ತಪ್ಪಿಸಬಾರದು.

ಇಷ್ಟೆಲ್ಲ ವಿವರಿಸಿದ ಮೇಲೆ ಮಾವ, "ಹಾಗಾದ್ರೆ ತಾರಸಿಗೂ ನಾರೇ ಹಾಕುವ, ಕಬ್ಬಿಣದ ಖರ್ಚು ಉಳೀತದೆ" ಅಂದರು. ಇಲ್ಲ ಮಾವ, ಅಂಗಳಕ್ಕೆ ಭೂಮಿಯ ಆಧಾರ ಇದೆ, ತಾರಸಿಗೆ ಇಲ್ಲ. ತಾರಸಿ, ಬೀಮು, ಕಂಬಗಳ ಕಬ್ಬಿಣದಲ್ಲಿ ಒಂದು ಸರಳನ್ನೂ ನಾರಿನ ಹೆಸರಲ್ಲಿ ಕಡಿಮೆ ಮಾಡುವ ಕೆಲಸ ನಾನು ಹಿಡಿಯುವುದಿಲ್ಲ. ಅಂಗಳ, ಚರಂಡಿ ಮುಚ್ಚುವ ಸಣ್ಣ ಸ್ಲ್ಯಾಬು, ತೋಟದ ಕಾಲುದಾರಿ ಇದ್ದರೆ ಹೇಳಿ.